ಕಾರು ಭಾವ

ಅವನು ಓಡಿಸುವ ಯಾವ ಕಾರಿನ ಆರ್‌ಸಿಯಲ್ಲೂ ಅವನ ಹೆಸರಿಲ್ಲ. ಸೋಮವಾರ ಬೆಳ್ಳಿ ಬಣ್ಣದ ವ್ಯಾಗನ್‌ಆರ್‌ನಲ್ಲಿ ಬರುತ್ತಾನೆ, ಬುಧವಾರ ಸ್ಯಾಂಟ್ರೋದಲ್ಲಿ, ಶುಕ್ರವಾರ ಹಿಂದಿನ ಸೀಟು ಕಿತ್ತು ಬಾಳೆಗೊನೆ ಹೇರಿದ ಓಮಿನಿಯಲ್ಲಿ. ಎಂದಾದರೂ ಬಸ್ಸಿಳಿದು ನಡೆದು ಬಂದನೆಂದರೆ ವ್ಯಾಪಾರ ಜೋರಾಗಿದೆ ಎಂದು ತಿಳಿಯಬೇಕು. ಇದ್ದ ಗಾಡಿಯೆಲ್ಲ ಖರ್ಚಾಗಿದೆ.

ಶಿರಸಿ ಕಡೆಯವರ ಮೊಬೈಲಿನಲ್ಲಿ ಅವನ ನಂಬರು 'ಕಾರು ಭಾವ' ಎಂದು ಸೇವ್ ಆಗಿರುತ್ತದೆ. ಸಿದ್ದಾಪುರದಲ್ಲಿ 'ಓಮಿನಿ ಅಣ್ಣ'. ಯಲ್ಲಾಪುರದಲ್ಲಿ 'ಸೆಕೆಂಡ್ಸ್ ಸಾವ್ಕಾರ್ರು'. ನಿಜ ಹೇಳಬೇಕೆಂದರೆ ಇವರು ಒಬ್ಬರಲ್ಲ, ಹಲವರು. ಆದರೆ ಒಬ್ಬನ ಮಾತು ಕೇಳಿದರೆ ಉಳಿದವರೆಲ್ಲರ ಮಾತೂ ಕೇಳಿದಂತಾಗುವುದರಿಂದ ಇಲ್ಲಿ ಒಬ್ಬನೆಂದೇ ಬರೆಯುತ್ತಿದ್ದೇನೆ. ಅವನಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಐದು ರಸ್ತೆ ಸರ್ಕಲ್ಲಿನ ಆಸುಪಾಸಿನಲ್ಲಿ ಯಾವ ಚಹಾ ಅಂಗಡಿಯ ಎದುರು ಗಾಡಿ ನಿಲ್ಲಿಸಲು ಜಾಗ ಸಿಗುತ್ತದೋ ಅದೇ ಆವತ್ತಿನ ಆಫೀಸು. ಕೈಯಲ್ಲಿ ಎರಡು ಫೋನು: ಒಂದು ಮಾರುವವರಿಗೆ, ಇನ್ನೊಂದು ಕೊಳ್ಳುವವರಿಗೆ. ಎರಡೂ ಒಟ್ಟಿಗೆ ಹೊಡೆದುಕೊಂಡರೆ ಬಲಗಿವಿಯ ಫೋನಿಗೆ 'ಅಷ್ಟಕ್ಕೆಲ್ಲ ಆಗ್ತಿಲ್ಲೆ' ಎಂದೂ ಎಡಗಿವಿಯದಕ್ಕೆ 'ಅಷ್ಟಕ್ಕೇ ಮಾಡಿಸ್ತಿ ಬಿಡು' ಎಂದೂ ಹೇಳಿ, ನಡುವೆ ಸಿಕ್ಕ ಬಾಯಿಯಲ್ಲಿ ಕವಳ ಜಗಿಯುತ್ತಾನೆ.

ಭಾಷೆ ಅವನ ಮೊದಲ ಬಂಡವಾಳ. ಹೆಗಡೆ, ಭಟ್ಟರ ಜಗುಲಿಯಲ್ಲಿ ಶುದ್ಧ ಹವ್ಯಕ. ಕಿರವತ್ತಿ ದಾಟಿ ಹುಬ್ಬಳ್ಳಿ ದಿಕ್ಕಿನವರು ಸಿಕ್ಕರೆ 'ಏನ್ರೀ ಸಾಹೇಬ್ರ, ಗಾಡಿ ಮಸ್ತ್ ಐತ್ರೀ'. ಘಟ್ಟದ ಕೆಳಗಿನವರಿಗೆ 'ಮಾರಾಯ್ರೆ'. ಬ್ಯಾಂಕಿನವರೊಡನೆ ಕೊಂಕಣಿ. ಅವನ ಮನೆಮಾತು ಯಾವುದೆಂದು ಪಂದ್ಯ ಕಟ್ಟಿದವರಿದ್ದಾರೆ. ಗಾಡಿ ಕೈಕೊಟ್ಟ ಮೇಲೆ ಸಿಟ್ಟಿನಿಂದ ಫೋನ್ ಮಾಡಿದವರೊಡನೆ ಮಾತ್ರ ಅವನು ಆಡುವುದು ಪುಸ್ತಕದ ಕನ್ನಡ: 'ತಮ್ಮ ಸಮಸ್ಯೆ ನನಗೆ ಅರ್ಥವಾಗಿದೆ.'

ಎರಡನೆಯ ಬಂಡವಾಳ ಭೂಗೋಳ. ನಂಬರ್ ಪ್ಲೇಟು ಕಂಡರೆ ಸಾಕು, ಜಾತಕ ಹೇಳುತ್ತಾನೆ. ಕೆಎ-31 ಅಂದರೆ ಶಿರಸಿ ಪಾಸಿಂಗ್, ಮನೆಮಗಳು, ದರ ತುಸು ಜಾಸ್ತಿ. ಕೆಎ-15 ಸಾಗರದ್ದು, ಸಿದ್ದಾಪುರದವರಿಗೆ ಅದೂ ನೆಂಟರ ಮನೆಯದೇ. ಕೆಎ-25, 63 ಧಾರವಾಡ-ಹುಬ್ಬಳ್ಳಿ. ಧೂಳು ಕುಡಿದಿರುತ್ತದೆ, ಆದರೆ ಅಡಿಭಾಗಕ್ಕೆ ತುಕ್ಕು ಹಿಡಿದಿರುವುದಿಲ್ಲ. ಕೆಎ-30, 47 ಕಾರವಾರ, ಹೊನ್ನಾವರ. ಉಪ್ಪು ಗಾಳಿ, ಹೊರಗೆ ಮಿರಮಿರ, ಒಳಗೆ ಜಾಳು. ಗೋವಾ ಪಾಸಿಂಗ್ ಗಾಡಿಯ ದರ ಕೇಳಿ ಕೊಳ್ಳುವವನಿಗೆ ಹಲ್ಲು ಕಿರಿಯುವಷ್ಟು ಸಂತೋಷವಾಗುತ್ತದೆ. ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕೆಂಬ ಸಂಗತಿಯನ್ನು ಕಾರು ಭಾವ ಆ ಸಂತೋಷ ಪೂರ್ತಿ ಇಳಿದ ಮೇಲಷ್ಟೇ ಹೇಳುತ್ತಾನೆ, ಅದೂ ಇನ್ನೊಬ್ಬರ ಬಾಯಿಂದ ಹೇಳಿಸುತ್ತಾನೆ.

ಅವನ ಬಳಿ ಇರುವ ಗಾಡಿಗಳನ್ನು ಹಿಂದೆ ಇಟ್ಟುಕೊಂಡಿದ್ದವರು ಮೂರೇ ಜಾತಿಯವರು: ಡಾಕ್ಟರು, ಬ್ಯಾಂಕ್ ಮ್ಯಾನೇಜರು, ಹೈಸ್ಕೂಲ್ ಮಾಸ್ತರು. ಅವನು ಮಾರಿದ 'ಡಾಕ್ಟರ್ ಗಾಡಿ'ಗಳ ಲೆಕ್ಕ ಹಿಡಿದರೆ ಶಿರಸಿಯಲ್ಲಿ ಪೇಷಂಟುಗಳಿಗಿಂತ ಡಾಕ್ಟರುಗಳೇ ಹೆಚ್ಚಾಗುತ್ತಾರೆ. ಆ ಡಾಕ್ಟರು ಮನೆಯಿಂದ ದವಾಖಾನೆಗೆ, ದವಾಖಾನೆಯಿಂದ ಮನೆಗೆ ಬಿಟ್ಟರೆ ಗಾಡಿ ಹೊರಗೆ ತೆಗೆದವರಲ್ಲ. ಘಟ್ಟ ಇಳಿದದ್ದೇ ಇಲ್ಲ. ಇತ್ತೀಚೆಗೆ ನಾಲ್ಕನೆಯ ಜಾತಿಯೊಂದು ಸೇರಿದೆ, ಅಮೆರಿಕಕ್ಕೆ ಹೊರಟ ಬೆಂಗಳೂರು ಮಾಣಿ. ಅವನ ಗಾಡಿ ಕಿಲೋಮೀಟರ್ ಕಡಿಮೆ ಓಡಿದೆ ಎಂಬುದು ನಿಜವೇ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಕ್ಲಚ್ಚು ಸವೆದುಹೋಗುವುದು ಮೀಟರಿನಲ್ಲಿ ಬರುವುದಿಲ್ಲವಲ್ಲ.

ಮೀಟರಿನ ವಿಷಯ ಕೇಳಲೇಬೇಡಿ. ಹತ್ತು ವರ್ಷ ದಾಟಿದ ಗಾಡಿಗಳೆಲ್ಲ ಅವನ ಕೈಗೆ ಬರುವಾಗ ಐವತ್ತೆಂಟು ಸಾವಿರ ಕಿಲೋಮೀಟರಿಗೆ ಬಂದು ನಿಂತಿರುತ್ತವೆ. ಅರವತ್ತು ಎಂದರೆ ಕೊಳ್ಳುವವನ ಮುಖ ಸಣ್ಣದಾಗುತ್ತದೆ, ನಲವತ್ತು ಎಂದರೆ ಸಂಶಯ ಬರುತ್ತದೆ. ಐವತ್ತೆಂಟರಲ್ಲಿ ಒಂದು ಗಾಂಭೀರ್ಯವಿದೆ. ಗಾಡಿಯ ದೋಷಗಳಿಗೂ ಅವನಲ್ಲಿ ಸೌಮ್ಯವಾದ ಹೆಸರುಗಳಿವೆ. 'ಒಂದು ಟಚಪ್ ಆಗಿದೆ' ಎಂದರೆ ಎಡಮಗ್ಗುಲು ಪೂರ್ತಿ ಟಿಂಕರಿಂಗ್ ಆಗಿದೆ. 'ಎಸಿಗೆ ಗ್ಯಾಸು ಹಾಕಿದರೆ ಆಯಿತು' ಎಂದರೆ ಕಂಪ್ರೆಸರೇ ಇಲ್ಲ. 'ಮಳೆಗಾಲದಲ್ಲಿ ಬೆಳಿಗ್ಗೆ ಸ್ವಲ್ಪ ತಡೆಯುತ್ತದೆ' ಎಂದರೆ ದೂಡಲು ಮನೆಯಲ್ಲಿ ಗಟ್ಟಿಮುಟ್ಟಾದ ಇಬ್ಬರಿರಬೇಕು.

ವ್ಯಾಪಾರದ ಹಂಗಾಮು ಅಡಿಕೆಯೊಡನೆ ಬರುತ್ತದೆ. ಕೊನೆಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿದ ರಾಶಿ ಅಡಿಕೆ ಟೆಂಡರಿಗೆ ಹೋದ ಮೇಲೆ ಈ ಮೂರು ತಾಲೂಕಿನಲ್ಲಿ ಕಾರಿನ ದರವನ್ನು ರೂಪಾಯಿಯಲ್ಲಿ ಯಾರೂ ಯೋಚಿಸುವುದಿಲ್ಲ. ರಾಶಿ ಕ್ವಿಂಟಲ್ಲಿಗೆ ಐವತ್ತು ಸಾವಿರದ ಹತ್ತಿರ ಇದ್ದರೆ ಒಂದೂವರೆ ಲಕ್ಷದ ಗಾಡಿ ಎಂದರೆ ಮೂರು ಕ್ವಿಂಟಲ್. 'ಮೂರು ಕ್ವಿಂಟಲ್ ಯಂಗಕ್ಕೆ ಎಂತ ದೊಡ್ಡದು ಭಾವ?' ಎನ್ನುತ್ತಾನೆ ಕಾರು ಭಾವ. ಯಾರ ಮನೆಯ ಅಡಿಕೆ ಯಾವತ್ತು ಯಾವ ದರಕ್ಕೆ ಹೋಯಿತೆಂಬುದು ಆ ಮನೆಯ ಯಜಮಾನತಿಗೆ ತಿಳಿಯುವ ಮೊದಲು ಇವನಿಗೆ ತಿಳಿದಿರುತ್ತದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ; ಜಾತ್ರೆಯ ವರ್ಷ ಹೆಣ್ಣುಮಕ್ಕಳು, ಅಳಿಯಂದಿರು ಊರಿಗೆ ಬರುವ ಮೊದಲು ಅಂಗಳದಲ್ಲಿ ಒಂದು ನಾಲ್ಕು ಚಕ್ರದ್ದು ನಿಂತಿರಬೇಕೆಂಬ ಮರ್ಯಾದೆಯ ಪ್ರಶ್ನೆಯನ್ನು ಅವನು ಸಂಕ್ರಾಂತಿಯಿಂದಲೇ ಎತ್ತುತ್ತಾನೆ. ಮಳೆಗಾಲ ಅವನಿಗೆ ಮಾರುವವರ ಕಾಲ. ಆಷಾಢದಲ್ಲಿ ಕೊಟ್ಟಿಗೆಯ ಪಕ್ಕ ನಿಂತ ಕಾರಿನ ಸೀಟಿಗೆ ಬೂಸ್ಟು ಹಿಡಿದಾಗ ಯಜಮಾನನ ಮನಸ್ಸು ಮೆತ್ತಗಾಗುತ್ತದೆ.

ಇಲ್ಲೊಂದು ತಮಾಷೆಯಿದೆ. ಅಡಿಕೆಯನ್ನು ದಲಾಲರ ಕೈಯಿಂದ ಬಿಡಿಸಿಕೊಳ್ಳಬೇಕೆಂದು ನಮ್ಮ ಅಜ್ಜಂದಿರು 1923ರಲ್ಲೇ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದವರು. ಟಿಎಸ್‌ಎಸ್‌ಗೆ ನೂರು ತುಂಬಿ ಆಗಿದೆ. ಮಧ್ಯವರ್ತಿಯ ಕಾಟ ಎಂಥದೆಂದು ನಾಡಿಗೇ ಭಾಷಣ ಮಾಡಬಲ್ಲ ಜನ ನಾವು. ಆದರೂ ಹಳೆ ಕಾರೊಂದು ಬೇಕೆಂದಾಗ, ಮಾರುವವನು ಎರಡು ಫರ್ಲಾಂಗು ದೂರದ ಕೇರಿಯಲ್ಲೇ ಇದ್ದರೂ, ನೆಟ್ಟಗೆ ಅವನ ಮನೆಗೆ ಹೋಗದೆ ಕಾರು ಭಾವನಿಗೆ ಫೋನು ಹಚ್ಚುತ್ತೇವೆ. ಏಕೆಂಬುದು ನನಗೆ ಹೊಳೆದದ್ದು ನಮ್ಮೂರ ಹೆಗಡೇರ ಜೊತೆ ಕಾನಸೂರು ಕಡೆ ಒಂದು ಆಲ್ಟೋ ನೋಡಲು ಹೋದಾಗ.

ಹೊರಡುವಾಗಲೇ ಕಾರು ಭಾವ ಹೆಗಡೇರಿಗೆ ತಾಕೀತು ಮಾಡಿದ್ದ: 'ನಿಂಗ ಸುಮ್ನೆ ಕುಂತ್ಗಳಿ, ಆನು ಮಾತಾಡ್ತಿ.' ಮಾರುವ ಭಟ್ಟರಿಗೂ ಹಿಂದಿನ ರಾತ್ರಿ ಫೋನಿನಲ್ಲಿ ಇದೇ ಮಾತು ಹೇಳಿದ್ದನೆಂದು ಆಮೇಲೆ ತಿಳಿಯಿತು. ದಣಪೆ ದಾಟುತ್ತಿದ್ದ ಹಾಗೆ ಆಲ್ಟೋ ಕಾಣಿಸಿತು: 2013ರದ್ದು, ಬಿಳಿ, ಮೀಟರಿನಲ್ಲಿ ಐವತ್ತೆಂಟು ಸಾವಿರ ಚಿಲ್ಲರೆ. ಯಾರೂ ಅದರತ್ತ ತಿರುಗಿ ನೋಡಲಿಲ್ಲ. ನೋಡಿದರೆ ಅದಕ್ಕೇ ಬಂದೆವೆಂದು ಗೊತ್ತಾಗುತ್ತದಲ್ಲ! ಕೈಕಾಲು ತೊಳೆದು ಜಗುಲಿ ಹತ್ತಿ ಕೂತೆವು. ಆಸ್ರಿಗೆ ಬಂತು: ಕೋಕಂ ಪಾನಕ, ಬೆಲ್ಲ, ನೀರು. ಮಾತು ಕೊಳೆರೋಗದಿಂದ ಶುರುವಾಗಿ ಎಲೆಚುಕ್ಕಿ ರೋಗಕ್ಕೆ ಹೊರಳಿತು. ಅಲ್ಲಿಂದ ಮಂಗನ ಕಾಟ, ಕೊನೆಗೌಡ ಸಿಗದ ಕಷ್ಟ. ಅಷ್ಟರಲ್ಲಿ ಭಟ್ಟರ ಹೆಂಡತಿ ಬಾಗಿಲ ಸಂದಿಯಿಂದ 'ನೀವು ಹುಲೇಕಲ್ ಕಡೆಯವರಾ?' ಎಂದು ಕೇಳಿದ್ದೇ ತಡ, ಹೆಗಡೇರ ಚಿಕ್ಕಮ್ಮನ ಸೊಸೆಯ ತವರು ಇವರ ಅತ್ತಿಗೆಯ ಮನೆಯೇ ಎಂದು ಬಯಲಾಗಿಬಿಟ್ಟಿತು.

ಹೆಗಡೇರ ಮುಖ ಬಿಳಿಚಿತು. ಭಟ್ಟರದೂ. ಇನ್ನು ನೆಂಟರ ಹತ್ತಿರ ದರ ಇಳಿಸಿ ಎಂದು ಕೇಳುವುದು ಹೇಗೆ? ನೆಂಟರಿಗೆ ಇಷ್ಟು ಕೊಡಿ ಎಂದು ಹೇಳುವುದು ಹೇಗೆ? ಬ್ರೇಕು ಸರಿಯಿಲ್ಲ ಎಂದರೆ ಮನೆತನಕ್ಕೇ ಮಾತು ಬಂದ ಹಾಗೆ. ಇಬ್ಬರೂ ಪಾನಕದ ಲೋಟ ಹಿಡಿದು ಅಟ್ಟದ ತೊಲೆ ನೋಡುತ್ತ ಕೂತರು. ಈ ದಾಕ್ಷಿಣ್ಯದ ಕೆಸರಿನಲ್ಲಿ ಸಿಕ್ಕಿಕೊಂಡ ಇಬ್ಬರನ್ನೂ ಮೇಲೆತ್ತಬಲ್ಲವನು ಯಾವ ನಂಟೂ ಇಲ್ಲದ, ಎಲ್ಲರಿಗೂ ಭಾವನಾದ ಒಬ್ಬನೇ.

ಅವನು ಕವಳ ಉಗಿದು ಬಂದು ಕೆಲಸ ಶುರು ಮಾಡಿದ. ತಾಳಮದ್ದಳೆಯ ಅರ್ಥಧಾರಿ ವೇಷವಿಲ್ಲದೆ, ಕುಣಿತವಿಲ್ಲದೆ, ಕೂತ ಜಾಗದಿಂದಲೇ ಮಾತಿನಲ್ಲಿ ಕೃಷ್ಣಸಂಧಾನ ನಡೆಸುವುದನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಇವನದು ಅದಕ್ಕೂ ಒಂದು ಕೈ ಮೇಲೆ. ಅಲ್ಲಿ ಕೃಷ್ಣನಿಗೊಬ್ಬ, ಕೌರವನಿಗೊಬ್ಬ ಅರ್ಥಧಾರಿ ಬೇಕು. ಇವನು ಎರಡೂ ಪಾತ್ರವನ್ನು ಒಬ್ಬನೇ ಹೇಳುತ್ತಾನೆ. ಭಟ್ಟರನ್ನು ಬಚ್ಚಲಮನೆಯ ಹಿಂದೆ ಕರೆದೊಯ್ದು ಹೆಗಡೇರ ಪರವಾಗಿ ವಾದಿಸಿದ: ಹೆಗಡೇರಿಗೆ ಈ ವರ್ಷ ಕೊಳೆಯಲ್ಲಿ ಅರ್ಧ ಫಸಲು ಹೋಗಿದೆ, ಒಂದೂವರೆಯ ಮೇಲೆ ಪೈಸೆ ಏಳುವುದಿಲ್ಲ. ಹೆಗಡೇರನ್ನು ಸೊಪ್ಪಿನಬೆಟ್ಟದ ದಾರಿಗೆ ಎಳೆದೊಯ್ದು ಭಟ್ಟರ ಪರವಾಗಿ ವಾದಿಸಿದ: ಯಲ್ಲಾಪುರದ ಪಾರ್ಟಿಯೊಂದು ಎರಡು ಲಕ್ಷ ಹೇಳಿ ಹೋಗಿದೆ, ನೆಂಟಸ್ತಿಕೆ ಎಂಬ ಒಂದೇ ಕಾರಣಕ್ಕೆ ಭಟ್ಟರು ತಡೆದಿದ್ದಾರೆ. ನೆಂಟಸ್ತಿಕೆ ಪತ್ತೆಯಾಗಿ ಹತ್ತು ನಿಮಿಷವಷ್ಟೇ ಆಗಿತ್ತು ಎಂಬುದನ್ನು ಹೆಗಡೇರು ಗಮನಿಸಲಿಲ್ಲ. ಯಲ್ಲಾಪುರದ ಆ ಪಾರ್ಟಿಯನ್ನು ಇವತ್ತಿಗೂ ಯಾರೂ ಕಣ್ಣಾರೆ ಕಂಡಿಲ್ಲ. ಯಲ್ಲಾಪುರದಲ್ಲಿ ಗಾಡಿ ನೋಡಲು ಹೋದರೆ ಅದು ಸಿದ್ದಾಪುರದ ಪಾರ್ಟಿಯಾಗಿರುತ್ತದೆ.

ಕೃಷ್ಣಸಂಧಾನಕ್ಕೂ ಇದಕ್ಕೂ ವ್ಯತ್ಯಾಸ ಒಂದೇ. ಅಲ್ಲಿ ಸಂಧಾನ ಮುರಿದರೇ ಕಥೆ ಮುಂದುವರಿಯುವುದು. ಇಲ್ಲಿ ಮುರಿದರೆ ಕಮಿಷನ್ ಹೋಗುತ್ತದೆ.

ನಡುವೆ ಸಣ್ಣದೊಂದು ವಿಘ್ನ ಬಂತು. ಹೆಗಡೇರು ತಮ್ಮ ಜೊತೆ ಗ್ಯಾರೇಜಿನ ಮೇಸ್ತ್ರಿಯೊಬ್ಬನನ್ನು ಕರೆತಂದಿದ್ದರು. ಅವನು ಎದ್ದು ಸೀದಾ ಗಾಡಿಯ ಹತ್ತಿರ ಹೋಗಿ, ಇಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದು ಹೊಗೆ ಬರುತ್ತದೆಯೋ ಎಂದು ನೋಡಿದ. ಕಾಲಡಿಯ ಕಾರ್ಪೆಟ್ ಎತ್ತಿ ತುಕ್ಕು ನೋಡಿದ. ಟೈರಿನ ಮಗ್ಗುಲಲ್ಲಿ ಕೊರೆದಿರುವ ನಾಲ್ಕಂಕಿಯನ್ನು ಬೆರಳಿಂದ ಒರೆಸಿ, '2316, ಅಂದರೆ 2016ರ ಇಪ್ಪತ್ತಮೂರನೇ ವಾರದ ಮಾಲು' ಎಂದ. ಕೊನೆಗೆ ಕ್ಲಚ್ ಪೆಡಲಿನ ರಬ್ಬರು ತೋರಿಸಿದ. ಸವೆದು ಕಬ್ಬಿಣ ಕಾಣುತ್ತಿತ್ತು. 'ಐವತ್ತೆಂಟು ಸಾವಿರಕ್ಕೆ ಇಷ್ಟು ಸವೆಯುತ್ತದಾ?'

ಕಾರು ಭಾವ ಒಂದು ಕ್ಷಣವೂ ತಡೆಯಲಿಲ್ಲ. 'ಭಟ್ರ ಕಾಲು ಭಾರ' ಎಂದ.

ಮೇಸ್ತ್ರಿಗಳನ್ನು ಅವನು ಹೀಗೆ ಜಯಿಸಬಲ್ಲ. ಅವನಿಗೆ ನಿಜವಾಗಿ ಭಯವಿರುವುದು ಮೊಬೈಲ್ ಹಿಡಿದ ಕಾಲೇಜು ಮಕ್ಕಳ ಬಗ್ಗೆ. ಎಂ-ಪರಿವಾಹನ್ ಎಂಬ ಸರಕಾರಿ ಆ್ಯಪಿನಲ್ಲಿ ನಂಬರು ಒತ್ತಿದರೆ ಗಾಡಿ ಎಷ್ಟನೇ ಮಾಲೀಕನ ಕೈಯಲ್ಲಿದೆ, ವಿಮೆ ಎಲ್ಲಿಯವರೆಗೆ, ಸಾಲ ತೀರಿದೆಯೋ ಇಲ್ಲವೋ ಎಲ್ಲ ಬಂದುಬಿಡುತ್ತದೆ. ನಮ್ಮ ಜೊತೆ ಬಂದಿದ್ದ ಹೆಗಡೇರ ಮಗಳು ಜಗುಲಿಯ ತುದಿಯಲ್ಲಿ ನಿಂತು ಒತ್ತಿದಳು. ನೆಟ್‌ವರ್ಕ್ ಸಿಗಲಿಲ್ಲ. ಕಾನಸೂರು ಕಡೆಯ ಆ ಕಣಿವೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ತಿಳಿದೇ ಅವನು ಗಾಡಿಗಳನ್ನು ಅಲ್ಲಿ ನಿಲ್ಲಿಸುತ್ತಾನೆಂಬುದು ನನ್ನ ಗುಮಾನಿ. ಅವಳು ಬಿಡದೆ ಗುಡ್ಡ ಹತ್ತಿ ಇಳಿದು ಬಂದು 'ಅಪ್ಪಾ, ಮೂರನೇ ಓನರು' ಎಂದಳು. 'ಹೌದಲ್ದ ಕೂಸೆ' ಎಂದ ಕಾರು ಭಾವ, ಬೇಜಾರೇ ಇಲ್ಲದೆ. 'ಮೂರೂ ಜನ ಒಂದೇ ಕುಟುಂಬದವರು. ಅಣ್ಣ, ತಮ್ಮ, ಭಾವ. ಅಂದಮೇಲೆ ಒಂದೇ ಲೆಕ್ಕ.' ಅಣ್ಣ ಡಾಕ್ಟರಂತೆ.

ಟ್ರಯಲ್‌ಗೆ ಹೊರಟಾಗ ಸ್ಟೇರಿಂಗ್ ಹಿಡಿದವನು ಅವನೇ, ಇಳಿಜಾರಿನ ಕಡೆಗೆ. ಇಳಿಜಾರಿನಲ್ಲಿ ಎಲ್ಲ ಗಾಡಿಯ ಪಿಕಪ್ಪೂ ಚೆನ್ನಾಗಿರುತ್ತದೆ. ಹಿಂದಿರುಗುವಾಗ ಏರು ಬಂದದ್ದೇ ನಿಲ್ಲಿಸಿ, ತಗ್ಗಿನಲ್ಲಿ ಕಾಣುವ ತೋಟ ಯಾರದು, ಎಷ್ಟು ಎಕರೆ ಎಂದು ಹೆಗಡೇರೊಡನೆ ಮಾತಿಗೆ ನಿಂತ. ಅಷ್ಟರಲ್ಲಿ ಗಾಡಿಗೂ ಉಸಿರು ಬಂತು. ದೇವಿಮನೆ ಘಟ್ಟ ಹತ್ತಿಸಿ ನೋಡೋಣ ಎಂದು ಮೇಸ್ತ್ರಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಒಂದು ಎಂಬತ್ತೆರಡಕ್ಕೆ ಮಾತಾಯಿತು. ಭಟ್ಟರು ಎರಡು ಹತ್ತು ಹೇಳಿದ್ದು, ಹೆಗಡೇರು ಒಂದೂವರೆ ಎಂದದ್ದು, ಎರಡೂ ಪರಸ್ಪರ ಮುಖಕ್ಕೆ ಹೇಳಿದ್ದಲ್ಲ. ಆದ್ದರಿಂದ ಊಟಕ್ಕೆ ಕೂತಾಗ ಅಪ್ಪೆಹುಳಿ ಸುರಿದುಕೊಳ್ಳುತ್ತ ಇಬ್ಬರೂ ನಿರಾಳವಾಗಿ ನಗುತ್ತಿದ್ದರು. ದರ ಹೆಚ್ಚಾಯಿತು ಎಂದು ಹೆಗಡೇರು ಬೈದುಕೊಂಡದ್ದು ಕಾರು ಭಾವನನ್ನು. ಕಡಿಮೆಯಾಯಿತು ಎಂದು ಭಟ್ಟರು ಬೈದುಕೊಂಡದ್ದೂ ಅವನನ್ನೇ. ನೆಂಟಸ್ತಿಕೆಗೆ ಒಂದು ಗೀರೂ ಬೀಳಲಿಲ್ಲ. ಅಡಿಕೆಯ ದಲಾಲನನ್ನು ಓಡಿಸಿದ ನಾವು ಇವನನ್ನು ಸಾಕಿಕೊಂಡಿರುವುದು ಗಾಡಿ ಹುಡುಕಲಿಕ್ಕಲ್ಲ, ಬೈಯಲಿಕ್ಕೆ. ಕಮಿಷನ್ನು ಅದರ ಸಂಬಳ. ಅದನ್ನೂ ಎಷ್ಟೆಂದು ಅವನು ಬಾಯಿಬಿಟ್ಟು ಕೇಳುವುದಿಲ್ಲ. 'ನಿಂಗ್ಳ ಮನಸಿಗೆ ಬಂದದ್ದು' ಎನ್ನುತ್ತಾನೆ. ಮನಸ್ಸಿಗೆ ಬಂದದ್ದನ್ನು ಕೊಟ್ಟರೆ ನೋಟುಗಳನ್ನು ಎಣಿಸದೆ ಕೈಯಲ್ಲೇ ಹಿಡಿದು ಸುಮ್ಮನೆ ನಿಲ್ಲುತ್ತಾನೆ. ಆ ಮೌನಕ್ಕೆ ಇನ್ನೆರಡು ಸಾವಿರ ಬೀಳುತ್ತದೆ. ಎರಡೂ ಮನೆಯಲ್ಲಿ.

ಕಾಗದಪತ್ರದ ವಿಷಯಕ್ಕೆ ಬಂದರೆ ಮಾತ್ರ ನಗು ಸ್ವಲ್ಪ ನಿಲ್ಲಬೇಕು. ಮಾರುವವರು ಫಾರಂ 29, 30ಕ್ಕೆ ಸಹಿ ಹಾಕಿ, ಖರೀದಿದಾರನ ಹೆಸರಿನ ಜಾಗ ಖಾಲಿ ಬಿಟ್ಟು ಅವನ ಕೈಗೆ ಕೊಡುವುದು ರೂಢಿ. ಗಾಡಿ ಮೂರು ಕೈ ಬದಲಾದರೂ ಆರ್‌ಸಿಯಲ್ಲಿ ಹಳೆಯ ಯಜಮಾನನೇ ಕೂತಿರುತ್ತಾನೆ. ಎಲ್ಲೋ ಅಂಕೋಲಾ ಹತ್ತಿರ ಆ ಗಾಡಿ ಯಾರಿಗೋ ಗುದ್ದಿದರೆ ಸಮನ್ಸು ಬರುವುದು ಆ ಹಳೆಯ ಯಜಮಾನನ ಮನೆಗೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವನೇ ಮಾಲೀಕ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿದವನು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವನು ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೇಳಬೇಕಾದದ್ದೂ ಹದಿನಾಲ್ಕು ದಿನದೊಳಗೇ. ಹಳೆ ಗಾಡಿಯ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕು, ಗಾಡಿ ಕೈಗೆ ಬಂದದ್ದನ್ನು ಆನ್‌ಲೈನಿನಲ್ಲಿ ತಿಳಿಸಬೇಕು ಎಂಬ ನಿಯಮವೂ 2023ರ ಏಪ್ರಿಲ್‌ನಿಂದ ಬಂದಿದೆ. ಇದನ್ನು ಹೇಳಿದರೆ ಕಾರು ಭಾವ ಎರಡೂ ಕೈ ಮುಗಿಯುತ್ತಾನೆ. ತಾನು ವ್ಯಾಪಾರಿಯೇ ಅಲ್ಲ; ಇಬ್ಬರು ಪರಿಚಯದವರನ್ನು ಒಬ್ಬರಿಗೊಬ್ಬರು ಗುರುತು ಮಾಡಿಸಿದ್ದೇನೆ ಅಷ್ಟೆ. ಗುರುತು ಮಾಡಿಸಲಿಕ್ಕೆ ಯಾವ ಫಾರಂ?

ಮಾರಾಟವಾದ ಗಾಡಿಯ ಬಗ್ಗೆ ಅವನ ನೆನಪು ಅಲ್ಪ. ಓಮಿನಿ ಮಾತ್ರ ಇದಕ್ಕೆ ಹೊರತು. 2019ರಲ್ಲಿ ಓಮಿನಿ ತಯಾರಿಕೆ ನಿಂತಾಗ ಅವನು ನಿಜವಾಗಿ ಸೂತಕ ಹಿಡಿದವರಂತೆ ತಿರುಗಿದ. ಅಡಿಗೆ ಭಟ್ಟರ ಪಾತ್ರೆ, ಯಕ್ಷಗಾನದ ವೇಷದ ಪೆಟ್ಟಿಗೆ, ತೋಟದ ಗೊಬ್ಬರ, ಹೆರಿಗೆಗೆ ಹೊರಟ ಸೊಸೆ, ಎಲ್ಲಕ್ಕೂ ಆದ ಗಾಡಿ ಇನ್ನೊಂದು ಬರಲಿಲ್ಲ. 'ಓಮಿನಿ ಮಾರೂದಲ್ಲ, ದಾನ ಮಾಡೂದು' ಎನ್ನುತ್ತಾನೆ. ದಾನದ ದರ ವರ್ಷ ವರ್ಷ ಏರುತ್ತಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕವನ್ನು 2022ರಲ್ಲಿ ಆರುನೂರರಿಂದ ಐದು ಸಾವಿರಕ್ಕೆ ಏರಿಸಿದಾಗ, ಹಳೆ ಓಮಿನಿಗಳೆಲ್ಲ ಗುಜರಿಗೆ ಹೋಗುತ್ತವೆ ಎಂದು ಜನ ತಿಳಿದರು. ಅವನು ಆ ಐದು ಸಾವಿರವನ್ನೂ ದಾನಕ್ಕೆ ಸೇರಿಸಿದ.

ಹೆಗಡೇರ ಆಲ್ಟೋ ಆ ಮಳೆಗಾಲ ಬೆಳಿಗ್ಗೆ ಸ್ವಲ್ಪ ತಡೆಯಿತು. ಕ್ಲಚ್ ಪ್ಲೇಟು ಹೊಸದಾಯಿತು. ಅವರು ಫೋನ್ ಮಾಡಿ ಬೈದರು. ಅವನು ಪುಸ್ತಕದ ಕನ್ನಡದಲ್ಲಿ ಸಮಾಧಾನ ಹೇಳಿದ. ದೀಪಾವಳಿಯ ಹೊತ್ತಿಗೆ ತಾನೇ ಮನೆಗೆ ಬಂದ, ಯಾರದೋ ಸ್ವಿಫ್ಟಿನಲ್ಲಿ. ಆಲ್ಟೋ ವಾಪಸು ತೆಗೆಸಿಕೊಂಡು ಸ್ವಿಫ್ಟು ಕೊಡಿಸುವ ಮಾತು ಹದಿನೈದು ನಿಮಿಷ ನಡೆಯಿತು. ಹೆಗಡೇರು ಒಪ್ಪಲಿಲ್ಲ. ಅಷ್ಟರಲ್ಲಿ ಅವರ ದೊಡ್ಡ ಮಗ ಅಂಗಳದಲ್ಲಿ ಅಡಿಕೆ ಹರವುತ್ತಿರುವುದು ಅವನ ಕಣ್ಣಿಗೆ ಬಿತ್ತು. ತೋಟ ನೋಡಿಕೊಂಡು ಮನೆಯಲ್ಲೇ ಉಳಿದ ಹುಡುಗ. ಈ ಸೀಮೆಯಲ್ಲಿ ಅಂಥವರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟವೆಂದು ಯಾರೂ ಹೇಳಬೇಕಾಗಿಲ್ಲ.

'ಮಾಣಿ ಜಾತಕ ಹೊರಡಿಸಿದ್ರಾ?' ಎಂದು ದನಿ ತಗ್ಗಿಸಿ ಕೇಳಿದ.

ಹೆಗಡೇರು ಇನ್ನೂ ಉತ್ತರ ಹುಡುಕುತ್ತಿದ್ದರು. ಅವನಾಗಲೇ ಫೋನು ತೆಗೆದು, ಮಂಚಿಕೇರಿ ಕಡೆಯ ಯಾರಿಗೋ ಹೇಳುತ್ತಿದ್ದ: ಮನೆತನ ನಮಗೆ ಗುರುತಿನದೇ, ಎರಡೂವರೆ ಎಕರೆ ಭಾಗಾಯ್ತು, ಅಂಗಳದಲ್ಲಿ ಕಾರಿದೆ, ಅದನ್ನು ನಾನೇ ಕೊಡಿಸಿದ್ದು. ಮಾಣಿ ಒಳ್ಳೆಯವನು, ಬೆಂಗಳೂರಿಗೆ ಹೋದವನಲ್ಲ, ಘಟ್ಟ ಇಳಿದವನಲ್ಲ, ಒಂದು ಚಟವಿಲ್ಲ. ಆಮೇಲೆ ಫೋನಿನ ಮೇಲೆ ಅಂಗೈ ಮುಚ್ಚಿ ಹೆಗಡೇರತ್ತ ತಿರುಗಿದ.

'ಪ್ರಾಯ ಎಷ್ಟಾತು?'

'ಮೂವತ್ತೇಳು.'

ಅವನು ಮಾಣಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಅಂಗೈ ತೆಗೆದ.

'ಮೂವತ್ತೆರಡು.'